ಭಾನುವಾರದ ಹಾಳೆಗಳು

ಆ ಭಾನುವಾರ ಬೇರೆ ಭಾನುವಾರಗಳ ಹಾಗೆಯೇ ಇತ್ತು. ಮಳವಳ್ಳಿಯ ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಿಸಿಲು ಬಿದ್ದಿತ್ತು. ಒಳಗೆ ಅವ್ವ ಬಾಡಿನ ಸಾರಿಗೆ ಒಗ್ಗರಣೆ ಹಾಕಿದ್ದಳು. ನಾನು ಬಾಗಿಲಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತಿದ್ದೆ. ತಂಗಿ ನನ್ನ ಹಿಂದೆ ನಿಂತು ಅಂಗೈ ಎರಡನ್ನೂ ಉಜ್ಜಿಕೊಳ್ಳುತ್ತಿದ್ದಳು. ತಣ್ಣನೆಯ ಕೈಯಲ್ಲಿ ಯಾರ ಮೈಯನ್ನೂ ಮುಟ್ಟಬಾರದು ಎಂದು ಅವಳಿಗೆ ಮೊದಲ ವರ್ಷವೇ ಕಲಿಸಿದ್ದರು. ಆ ಉಜ್ಜುವ ಸದ್ದು ಕೇಳಿದರೆ ನನಗೆ ಅರ್ಧ ನಿದ್ದೆ ಬಂದುಬಿಡುತ್ತಿತ್ತು.

ಅವಳು ಫಿಸಿಯೋಥೆರಪಿ ಡಿಗ್ರಿ ಮುಗಿಸಿ, ಮಂಡ್ಯದಲ್ಲಿ ಅದರ ಮೇಲಿನ ಓದು, ಎಂ.ಪಿ.ಟಿ., ಓದುತ್ತಿದ್ದಳು. ಎರಡನೇ ವರ್ಷ. ಶನಿವಾರ ಸಂಜೆ ಬಂದು ಭಾನುವಾರ ಮಧ್ಯಾಹ್ನ ಹಾಸ್ಟೆಲಿಗೆ ಹೊರಡುತ್ತಿದ್ದಳು. ಹೊರಡುವ ಮುಂಚೆ ನನ್ನ ಬಲ ಹೆಗಲನ್ನು ಅಳೆಯುತ್ತಿದ್ದಳು. ವರ್ಷಗಟ್ಟಲೆ ಕತ್ತರಿ ಹಿಡಿದು ಆ ಹೆಗಲು ಹಿಡಿದುಕೊಂಡಿತ್ತು. ಕೋನ ಅಳೆಯುವ ಎರಡು ಕಡ್ಡಿಯ ಪ್ಲಾಸ್ಟಿಕ್ ಸ್ಕೇಲನ್ನು ನನ್ನ ತೋಳಿಗೆ ಹಿಡಿದು, ಕೈ ಎಲ್ಲಿಯವರೆಗೆ ಏಳುತ್ತದೆ ಎಂದು ನೋಡಿ ಹಾಳೆಯಲ್ಲಿ ಬರೆದಳು. ಆಮೇಲೆ ಕೇಳಿದಳು.

"ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ತಡಿಯಕ್ಕಾಗಲ್ಲ. ಯೋಳಕ್ಕ, ಇವತ್ತು ಎಷ್ಟು?"

"ಪ್ರತಿ ವಾರ ಅದೇ ಮಂತ್ರ ಯಾಕೆ ಯೋಳ್ತೀಯ? ನಂಗೇನು ಮರವಾ?"

"ಯೋಳ್ಲೇಬೇಕು ಕಣಕ್ಕ. ರೂಲ್ಸು."

"ಮೂರು," ಎಂದೆ.

ಮೂರಲ್ಲ. ಎಂಟಿತ್ತು. ಅದು ಮದುವೆಗಳ ಕಾಲ, ಆ ವಾರ ಒಂದೇ ಮನೆಯ ಬ್ಲೌಸುಗಳು ರಾಶಿ ಬಿದ್ದಿದ್ದವು. ಹಿಂದಿನ ದಿನ ನೀರಿನ ಚೊಂಬು ಕೈ ಜಾರಿ ಬಿದ್ದಿತ್ತು. ಅವಳು ಪೆನ್ನಿನಲ್ಲಿ ಮೂರು ಎಂದು ಬರೆದಳು. ನನ್ನ ಮುಖ ನೋಡಲಿಲ್ಲ.

"ಮೂರಕ್ಕೆ ಇಳಿದ್ರೂ ಅದೇ ಬೆರಳಲ್ಲಿ ಗೋಡೆ ಹತ್ತೋ ಆಟವಾ?" ಎಂದು ನಾನೇ ಕೇಳಿದೆ. "ನೋವು ಇಳಿದ್ಮೇಲೆ ಬಾಗ್ಲಿಗೆ ಹಗ್ಗ ಕಟ್ಟಿ ಕೈ ಎಳೆಯೋದು ಅಂದಿದ್ಯಲ್ಲ, ಅದ್ಯಾವಾಗ?"

"ಕಟ್ಟವ ಬುಡು. ಏನವಸರ."

ಊಟ ಮಾಡಿದೆವು. ಅವ್ವ ಅವಳ ತಟ್ಟೆಗೆ ಎರಡನೇ ಮುದ್ದೆ ಹಾಕಿದಳು, ಅವಳು ಬೈದುಕೊಂಡೇ ತಿಂದಳು. ಬಸ್ ಸ್ಟ್ಯಾಂಡಿನವರೆಗೆ ನಾನು ಹೋದೆ. ಮದ್ದೂರಿನ ಬಸ್ಸು. ಮಳವಳ್ಳಿಯಿಂದ ಮಂಡ್ಯಕ್ಕೆ ನೇರ ಬಸ್ಸಿದ್ದರೂ ಅವಳು ಮದ್ದೂರಿನಲ್ಲಿ ಇಳಿದು ರೈಲು ಹತ್ತುತ್ತಿದ್ದಳು. ಕಿಟಕಿಯಿಂದ ಅವಳು ಕೈ ಆಡಿಸಿದಳು. ನಾನೂ ಆಡಿಸಿದೆ, ಎಡಗೈ. ಬಲಗೈ ಅಷ್ಟು ಮೇಲಕ್ಕೆ ಏಳುವಂತಿರಲಿಲ್ಲ.

ಮಂಗಳವಾರ ಅವಳು ತೀರಿಕೊಂಡಳು. ಹೇಗೆಂದು ಮುಂದೆ ಬರೆಯುತ್ತೇನೆ, ಈಗಲೇ ಕೈ ಬರುವುದಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಹೊಲಿಯುವವಳು. ಬರೆಯುವ ಅಭ್ಯಾಸವಿಲ್ಲ. ಆದರೆ ಆ ಮೂರನ್ನು ಅವಳು ನಂಬಿಕೊಂಡು ಹೋದಳೇ ಇಲ್ಲವೇ ಎಂಬ ಒಂದು ಮಾತು ನನ್ನೊಳಗೆ ಉಳಿದುಬಿಟ್ಟಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ನನಗೂ ಅವಳಿಗೂ ಹನ್ನೆರಡು ವರ್ಷ ಅಂತರ. ಅಪ್ಪ ಹೋದಾಗ ಅವಳಿನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಅವಳ ಶಾಲೆಯ ಲಂಗಗಳನ್ನೆಲ್ಲ ನಾನೇ ಹೊಲಿದೆ, ಅಂಚಿನಲ್ಲಿ ಬಟ್ಟೆ ಬಿಟ್ಟು, ಮುಂದಿನ ವರ್ಷಕ್ಕೆ ಬಿಚ್ಚಲು ಬರುವ ಹಾಗೆ. ಫಿಸಿಯೋಥೆರಪಿ ಸೀಟು ಸಿಕ್ಕಿದ ಮೇಲೆ ಲೆಕ್ಕ ತಿರುಗಿತು, ನನ್ನ ಮೈ ಅವಳ ಪಾಠದ ಪುಸ್ತಕವಾಯಿತು. ರಜೆಗೆ ಬಂದರೆ ನನ್ನನ್ನು ಬೋರಲು ಮಲಗಿಸಿ, ಬೆನ್ನಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಮೂಳೆಗಳನ್ನು ಬರೆಯುತ್ತಿದ್ದಳು. ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಹುಡುಕುತ್ತಿದ್ದಳು. ಕಣ್ಣು ಬಿಟ್ಟು ಹುಡುಕಿದರೆ ಬೆರಳು ಸೋಮಾರಿಯಾಗುತ್ತದಂತೆ. ನನಗೋ ಮೈ ಮೇಲೆ ಇರುವೆ ನಡೆದ ಹಾಗೆ. ಎಲ್ಲೋ ದೂರದಲ್ಲಿ ಅವಳು ಮೂಳೆಗಳ ಹೆಸರು ಹೇಳುತ್ತಾ ಹೋಗುತ್ತಿದ್ದಳು, ನಾನು ಆ ಹೆಸರುಗಳ ಮೇಲೆ ತೇಲಿಕೊಂಡು ನಿದ್ದೆಗೆ ಇಳಿಯುತ್ತಿದ್ದೆ. ಒಂದು ಸಲ ಹಸಿರು ಸ್ಕೆಚ್ಚು ನನ್ನ ಬಿಳಿ ಬ್ಲೌಸಿಗೆ ಹತ್ತಿ, ಅಳತೆ ಕೊಡಲು ಬಂದ ಹೆಂಗಸು "ಇದೇನವ್ವ, ಬೆನ್ನ ಮೇಲೆ ಮ್ಯಾಪು?" ಎಂದು ನಕ್ಕಿದ್ದಳು.

ಡಿಗ್ರಿ ಆದ ಮೇಲೆ ಇನ್ನೂ ಎರಡು ವರ್ಷ ಓದುತ್ತೇನೆ ಎಂದಾಗ ಅವ್ವ ಗೊಣಗಿದಳು.

"ಕೈಕಾಲು ನೀವಕ್ಕೆ ಇಷ್ಟು ವರ್ಷ ಓದ್ಬೇಕೇನಮ್ಮಿ? ನಮ್ಮತ್ತೆ ಒಂದಕ್ಷರ ಕಲೀದೆ ಊರೋರ್ನೆಲ್ಲ ನೀವ್ತಿತ್ತು."

"ನೀವೋದು ಕಲಿಯಕ್ಕಲ್ಲ ಕಣವ್ವ. ಯಾರ್ನ ನೀವಬಾರದು ಅಂತ ತಿಳ್ಕಳಕ್ಕೆ."

"ಹಂಗಾರೆ ನನ್ನ ಮಂಡಿ ನೀವಬೌದಾ ಬಾರದಾ, ಅದ್ನ ಮೊದ್ಲು ಯೋಳು."

ಅವಳು ಅವ್ವನ ಮಂಡಿಯನ್ನು ಮಡಿಲಿಗೆ ಎಳೆದುಕೊಂಡಳು. ಮತ್ತೆ ಆ ವಿಷಯ ಬರಲಿಲ್ಲ.

ಮೇಲಿನ ಓದು ಅಂದರೆ ಕೂತು ಓದುವುದೇ ಅಲ್ಲ ಎಂದು ನನಗೆ ಆಗ ತಿಳಿಯಿತು. ಬೆಳಿಗ್ಗೆ ವಾರ್ಡಿನಲ್ಲಿ ರೋಗಿಗಳು, ಮಧ್ಯಾಹ್ನ ಕಿರಿಯ ಮಕ್ಕಳಿಗೆ ಪಾಠ ಹೇಳಿಕೊಡುವುದು, ಸಂಜೆ ಸೆಮಿನಾರಿಗೆ ತಯಾರಿ. ಸೆಮಿನಾರನ್ನು ಅವಳು ಮೊದಲು ನಮ್ಮ ಮನೆಯಲ್ಲಿ ಮಾಡುತ್ತಿದ್ದಳು. ನಾನು ಹುಕ್ಕು ಕೂರಿಸುತ್ತಾ, ಅವ್ವ ಅವರೆಕಾಳು ಹಿಸುಕುತ್ತಾ ಕೇಳುತ್ತಿದ್ದೆವು. ಕೊನೆಯಲ್ಲಿ ಅವಳು "ಎನಿ ಕೊಶ್ಚನ್ಸ್?" ಎನ್ನುವಳು. ಅವ್ವ "ಸಾರಿಗೆ ಉಪ್ಪಾಕ್ದಾ?" ಎನ್ನುವಳು.

ಎಲ್ಲಕ್ಕಿಂತ ದೊಡ್ಡದು ಪ್ರಬಂಧ. ಅದಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಅವಳು ತೆಗೆದುಕೊಂಡ ವಿಷಯ ಹೊಲಿಯುವ ಹೆಂಗಸರ ಹೆಗಲು ನೋವು. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ, ಯಂತ್ರದ ಮುಂದೆ ಬಗ್ಗಿದವರನ್ನು ಮಾತಾಡಿಸಿ, ವ್ಯಾಯಾಮ ಹೇಳಿಕೊಟ್ಟು, ವಾರ ವಾರ ಅಳೆಯಬೇಕು. "ಎಲ್ಲಾ ನಿನ್ ಹೆಗಲಿಂದ ಬಂದಿದ್ದು ಕಣಕ್ಕ," ಎಂದಳು. ನನಗೆ ಒಳಗೊಳಗೇ ಹೆಮ್ಮೆ.

ನನ್ನ ತಪ್ಪು ಇಲ್ಲಿಂದ ಶುರುವಾಯಿತು. ಅದನ್ನು ಹೇಳಬೇಕಾದರೆ ನಮ್ಮ ಕೆಲಸದ ಒಂದು ವಾಡಿಕೆ ಹೇಳಬೇಕು. ಯಾರ ಹೆಗಲೂ ಎರಡು ಕಡೆ ಒಂದೇ ಸಮ ಇರುವುದಿಲ್ಲ. ಕಂಕುಳಲ್ಲಿ ಮಗು ಹೊತ್ತವಳದ್ದು ಒಂದು ಕಡೆ ಇಳಿದಿರುತ್ತದೆ, ಮೇವಿನ ಹೊರೆ ಹೊತ್ತವಳದ್ದು ಇನ್ನೊಂದು ಥರ. ಟೇಪು ಹಿಡಿದರೆ ನಮಗೆ ಗೊತ್ತಾಗುತ್ತದೆ. ಆದರೆ ನಾವು ಬಾಯಿ ಬಿಡುವುದಿಲ್ಲ. ಅಳತೆ ಪುಸ್ತಕದಲ್ಲಿ ಅವರ ಹೆಸರಿನ ಪಕ್ಕ ಒಂದು ಸಣ್ಣ ಚುಕ್ಕೆ ಇಟ್ಟು, ಇಳಿದ ಕಡೆಗೆ ಒಂದು ಪದರ ಬಟ್ಟೆ ಜಾಸ್ತಿ ಕೊಟ್ಟು ಹೊಲಿಯುತ್ತೇವೆ. ಹಾಕಿಕೊಂಡಾಗ ಎರಡು ಹೆಗಲೂ ಸಮ ಕಾಣುತ್ತವೆ. ಹೆಂಗಸು ಕನ್ನಡಿ ನೋಡಿಕೊಂಡು ಖುಷಿಯಾಗಿ ಹೋಗುತ್ತಾಳೆ.

ತಂಗಿ ಒಂದು ದಿನ ಆ ಪುಸ್ತಕ ತಿರುವಿ ಹಾಕಿ ಚುಕ್ಕೆಗಳ ಅರ್ಥ ಕೇಳಿದಳು. ಹೇಳಿದೆ.

"ಅಯ್ಯೋ ಅಕ್ಕ, ಇಷ್ಟು ಜನದ್ದು ನಿಂಗೆ ಗೊತ್ತು. ಒಬ್ರಿಗೂ ಯೋಳಿಲ್ವಾ?"

"ಯೋಳಿದ್ರೆ ಬ್ಲೌಸು ಹೊಲ್ಸಕ್ಕೆ ಬತ್ತಾರೇನೆ? ಜಗಳಕ್ಕೆ ಬತ್ತಾರೆ."

"ಬಟ್ಟೆಲಿ ಮುಚ್ಚಾಕ್ತೀಯ. ನಾವು ಬಟ್ಟೆ ತೆಗ್ಸಿ ನೋಡ್ತೀವಿ."

"ಅದುಕ್ಕೇ ನಿಮ್ಮತ್ರ ಅಳ್ಕೊಂಡ್ ಬತ್ತಾರೆ, ನಮ್ಮತ್ರ ನಕ್ಕೊಂಡು ಬತ್ತಾರೆ ಕಣಮ್ಮಿ."

ಇಬ್ಬರೂ ನಕ್ಕೆವು. ಆದರೆ ನಾನು ಅವಳಿಗೂ ನನ್ನ ನೋವನ್ನು ಬಟ್ಟೆ ಮುಚ್ಚಿಯೇ ತೋರಿಸಿದೆ. ಅವಳ ವ್ಯಾಯಾಮದಿಂದ ನೋವು ಇಳಿಯಬೇಕು, ಇಳಿದರೆ ಪ್ರಬಂಧ ಗೆಲ್ಲುತ್ತದೆ, ಗೆದ್ದರೆ ಅವಳು ಪಾಸು ಎಂದು ತಿಳಿದಿದ್ದೆ. ಮೊದಲ ವಾರ ಏಳು ಎಂದೆ, ಅದು ನಿಜ. ಮುಂದಿನ ವಾರಗಳಲ್ಲಿ ಆರು, ಐದು, ಮತ್ತೆ ಐದು, ನಾಲ್ಕು. ಒಂದೇ ಸಮ ಇಳಿದರೆ ಅನುಮಾನ ಬಂದೀತೆಂದು ಐದನ್ನು ಎರಡು ಸಲ ಹೇಳಿದೆ. ತೋಳಿನ ಬಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಸಣ್ಣ ಮಾಡುತ್ತಾ ಕತ್ತರಿಸುವ ಹಾಗೆ ಅಂಕಿಗಳನ್ನು ಕತ್ತರಿಸಿದೆ. ಕೈ ಏಳುವ ಕೋನವನ್ನು ಮಾತ್ರ ಹೊಲಿಯಲು ಬರುತ್ತಿರಲಿಲ್ಲ. ಹಲ್ಲು ಕಚ್ಚಿ ಎಷ್ಟಾಗುತ್ತದೋ ಅಷ್ಟು ಎತ್ತುತ್ತಿದ್ದೆ. ಪ್ರತಿ ಸಲವೂ ಅವಳು ನಾನು ಹೇಳಿದ್ದನ್ನೇ ಬರೆದಳು. ರೋಗಿಯ ನೋವಿನ ಅಂಕಿ ರೋಗಿಯದೇ, ತಿದ್ದುವ ಹಕ್ಕು ನಮಗಿಲ್ಲ ಎಂದು ಅವಳ ಗೈಡ್ ಮೇಡಂ ಕಲಿಸಿದ್ದರು.

ಅವಳು ಕೊಟ್ಟ ವ್ಯಾಯಾಮ ಗೋಡೆ ಹತ್ತುವುದು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಹೆಜ್ಜೆ ಹೆಜ್ಜೆಯಾಗಿ ಮೇಲಕ್ಕೆ ನಡೆಸಬೇಕು. ತಲುಪಿದ ಜಾಗಕ್ಕೆ ನನ್ನ ಹೊಲಿಗೆಯ ಸೀಮೆಸುಣ್ಣದಲ್ಲೇ ಗೆರೆ ಎಳೆಯುತ್ತಿದ್ದಳು. ನೀಲಿ ಗೋಡೆಯ ಮೇಲೆ ಬಿಳಿ ಗೆರೆಗಳು, ಒಂದರ ಮೇಲೊಂದು, ಬಹಳ ಹತ್ತಿರ ಹತ್ತಿರ.

ನಡುವೆ ಒಂದು ದಿನ ನಾವಿಬ್ಬರೂ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವು. ಮದ್ದೂರಿನಲ್ಲಿ ಅವಳ ಅಂಗಡಿಗಳ ಕೆಲಸ ಬೇಗ ಮುಗಿದಿತ್ತು. ಊರ ನಡುವೆ ಹುಣಸೆ ಮರಗಳ ಮೇಲೆ ಕೊಕ್ಕರೆಗಳು, ಕೆಳಗೆ ಮನೆ, ಎತ್ತು, ಬಟ್ಟೆ ಒಣ ಹಾಕಿದ ಹಗ್ಗ. ಜಗಲಿಯಲ್ಲಿ ಕೂತ ಮುದುಕಿಯೊಬ್ಬಳು "ಅವು ನಮ್ಮ ಹೆಣ್ಮಕ್ಳಿದ್ದಂಗೆ ಕಣವ್ವ, ಬಾಣಂತನಕ್ಕೆ ತವರಿಗೆ ಬತ್ತವೆ," ಎಂದಳು. ಮರದ ಮೇಲಿನಿಂದ ಮರಿಗಳ ಸದ್ದು ಮಳೆಯ ಹಾಗೆ ಸುರಿಯುತ್ತಿತ್ತು. ನೀರಿನ ಕಡೆಯಿಂದ ಒಂದು ದೊಡ್ಡ ಕೊಕ್ಕರೆ ಬಂದು, ಗೂಡಿನ ಮೇಲೆ ರೆಕ್ಕೆ ಅಗಲಿಸಿ, ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತ ಹಾಗೆ ನಿಂತು ಇಳಿಯಿತು.

"ಅಕ್ಕ, ಹೆಗಲು ನೋಡು. ಎಷ್ಟು ಸಲೀಸು."

"ಅದಕ್ಕೇನು, ಬ್ಲೌಸು ಹೊಲಿಯೋ ಕರ್ಮ ಇಲ್ಲ."

"ಅದಕ್ಕೊಂದು ಹೊಲಿ ಅಂದ್ರೆ ತೋಳು ಎಲ್ಲಿ ಬುಡ್ತೀಯ?"

"ಬೆನ್ನಲ್ಲಿ. ಬೆನ್ನು ಪೂರಾ ಬುಡ್ತೀನಿ. ಒಂದು ದಾರ, ಎರಡು ಗೊಂಡೆ."

ಅವಳು ನಗುತ್ತಾ ನನ್ನ ಬೆನ್ನಿಗೆ ಕೈ ಇಟ್ಟಳು. ಹಿಂದೆ ಎದ್ದು ಕಾಣುವ ಆ ಅಗಲದ ಮೂಳೆಯನ್ನು ಅವಳು ಮೊದಲಿನಿಂದಲೂ ರೆಕ್ಕೆ ಎನ್ನುತ್ತಿದ್ದಳು. "ನಿನ್ನ ರೆಕ್ಕೆ ಅಂಟ್ಕೊಂಡದೆ. ಬುಡುಸ್ತೀನಿ ತಾಳು," ಎಂದಳು. ಆಗಲೇ ನಿಜ ಹೇಳಬಹುದಿತ್ತು. ಬಾಯಿಗೂ ಬಂದಿತ್ತು. ಮೇಲೆ ಇನ್ನೊಂದು ಕೊಕ್ಕರೆ ಇಳಿಯಿತು, ಇಬ್ಬರೂ ಮುಖ ಎತ್ತಿ ನೋಡಿದೆವು, ಮಾತು ಹೊರಟುಹೋಯಿತು.

ಈಗ ಮಂಗಳವಾರ ಬರೆಯುತ್ತೇನೆ. ಅವಳು ಡಿಪಾರ್ಟ್‌ಮೆಂಟಿನಲ್ಲಿ ಲಕ್ವ ಹೊಡೆದ ಒಬ್ಬ ಮುದುಕರನ್ನು ಎರಡು ಕಂಬಿಗಳ ನಡುವೆ ನಡೆಸುತ್ತಿದ್ದಳಂತೆ. ಕಿರಿಯ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. "ಒಂದ್ನಿಮಿಷ ಕೂತ್ಕೊ ತಾತ" ಎಂದು ಅವರನ್ನು ಕುರ್ಚಿಯಲ್ಲಿ ಸರಿಯಾಗಿ ಕೂರಿಸಿ, ತಲೆ ಹಿಡಿದುಕೊಂಡು ತಾನೂ ನೆಲದ ಮೇಲೆ ಕೂತಳಂತೆ. ಮತ್ತೆ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು. ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು. ನನ್ನ ಅಂಗೈಗಳನ್ನು ಉಜ್ಜಿಕೊಂಡು ಮತ್ತೆ ಹಿಡಿದೆ. ಯಾಕೆ ಹಾಗೆ ಮಾಡಿದೆನೋ.

ಆಮೇಲಿನ ತಿಂಗಳುಗಳು ನನಗೆ ಒಂದೇ ಮಧ್ಯಾಹ್ನದ ಹಾಗೆ ನೆನಪಿವೆ. ಯಂತ್ರದ ಮೇಲೆ ತಲೆಯಿಟ್ಟರೆ ಜೋಂಪು ಹತ್ತುತ್ತಿತ್ತು. ಅದರಲ್ಲಿ ಒಂದೇ ಕನಸು. ಅಳತೆ ಕೊಡಲು ಹೆಂಗಸರು ಬಂದು ಸಾಲಾಗಿ ನಿಂತಿದ್ದಾರೆ, ಎಲ್ಲರ ಬೆನ್ನಿನಲ್ಲೂ ಮಡಿಸಿದ ರೆಕ್ಕೆ. ನಾನು ಟೇಪು ಹಿಡಿದು ಎಲ್ಲಿಂದ ಎಲ್ಲಿಗೆ ಅಳೆಯಲಿ ಎಂದು ತಿಳಿಯದೆ ನಿಂತಿರುತ್ತೇನೆ. ಹಿಂದಿನಿಂದ ಅಂಗೈ ಉಜ್ಜುವ ಸದ್ದು ಕೇಳುತ್ತದೆ. ತಿರುಗಿದರೆ ಎಚ್ಚರ. ಅವ್ವ ಹಿತ್ತಲಲ್ಲಿ ರಾಗಿ ಕೇರುತ್ತಿರುತ್ತಿದ್ದಳು, ಮೊರದ ಸದ್ದು. ಗೋಡೆಯ ಹತ್ತಿರ ನಾನು ಹೋಗಲಿಲ್ಲ. ಹೆಗಲು ಇನ್ನೂ ಬಿಗಿದುಕೊಂಡಿತು. ಜಡೆ ಹೆಣೆಯಲು ಅವ್ವನೇ ಬೇಕಾಯಿತು. ಅವ್ವ ಹೆಣೆದಳು, ತಂಗಿಗೆ ಚಿಕ್ಕಂದಿನಲ್ಲಿ ಹೆಣೆಯುತ್ತಿದ್ದ ಹಾಗೆ, ಬಿಗಿಯಾಗಿ.

ಗೈಡ್ ಮೇಡಂ ಎರಡು ಸಲ ಫೋನು ಮಾಡಿದರು. ತಂಗಿಯ ಸಾಮಾನು ಡಿಪಾರ್ಟ್‌ಮೆಂಟಿನಲ್ಲೇ ಉಳಿದಿತ್ತು. ಮೂರನೇ ಸಲಕ್ಕೆ ಹೊರಟೆ. ಅವಳು ಹೋಗುತ್ತಿದ್ದ ಹಾಗೆಯೇ ಮದ್ದೂರಿಗೆ ಬಸ್ಸು, ಅಲ್ಲಿಂದ ರೈಲು. ಹನಕೆರೆಯಲ್ಲಿ ಗಾಡಿ ನಿಂತಿತು. ಹೊರಗೆ ಕಬ್ಬಿನ ಗದ್ದೆ, ಅದರ ಮೇಲೆ ನಿಂತ ಗಾಳಿ. ಅವಳು ಬಸ್ಸು ಬಿಟ್ಟು ಇಲ್ಲಿಂದ ಯಾಕೆ ಹೋಗುತ್ತಿದ್ದಳೆಂದು ಆಗ ಸ್ವಲ್ಪ ತಿಳಿದ ಹಾಗಾಯಿತು. ಇಲ್ಲಿ ಯಾರಿಗೂ ಅವಸರವಿರಲಿಲ್ಲ.

ಡಿಪಾರ್ಟ್‌ಮೆಂಟಿನಲ್ಲಿ ಕಿರಿಯ ಹುಡುಗಿಯರು ಅಭ್ಯಾಸ ಮಾಡುತ್ತಿದ್ದರು. ಒಬ್ಬಳು ಮಂಚದ ಮೇಲೆ ಬೋರಲು ಮಲಗಿದ್ದಳು, ಇನ್ನೊಬ್ಬಳು ಕಣ್ಣು ಮುಚ್ಚಿ ಅವಳ ಬೆನ್ನಿನ ಮೇಲೆ ಬೆರಳು ನಡೆಸುತ್ತಿದ್ದಳು. ಮೂಲೆಯಲ್ಲಿ ಆ ಎರಡು ಕಂಬಿಗಳು. ಅತ್ತ ನೋಡಬಾರದೆಂದು ಬಂದಿದ್ದೆ, ನೋಡಿದೆ.

ಮೇಡಂ ಕೂರಿಸಿ ಟೀ ತರಿಸಿದರು. ನಾನು ಲೋಟ ಮುಟ್ಟುವ ಮುಂಚೆಯೇ ಹೇಳಿಬಿಟ್ಟೆ.

"ಮೇಡಂ, ನಾನು ಅವ್ಳಿಗೆ ಸುಳ್ಳು ಲೆಕ್ಕ ಕೊಟ್ಟಿವ್ನಿ. ನೋವು ಕಮ್ಮಿ ಅಂತ ಯೋಳಿವ್ನಿ. ಅವ್ಳ ಓದಿಗೆ ಅದು ದೋಸ ಆಯ್ತದಾ? ತಿದ್ದಕ್ಕಾಯ್ತದಾ?"

ಮೇಡಂ ತಮ್ಮ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. "ನಿಮ್ಮ ಹಾಳೆ ಆ ಪ್ರಬಂಧದಲ್ಲಿ ಇಲ್ಲವೇ ಇಲ್ಲಮ್ಮ. ಮನೆಯವರನ್ನ ಸೇರಿಸೋ ಹಾಗಿಲ್ಲ ಅಂತ ನಾನೇ ಶುರುನಲ್ಲೇ ಹೇಳಿದ್ದೆ."

"ಮತ್ತೆ ಪ್ರತಿ ವಾರ ಬರ್ಕೊತಿದ್ಲಲ್ಲ?"

"'ಅಕ್ಕಂದು ಬೇರೆ ಫೈಲು ಮೇಡಂ, ಅದು ನಂಗೆ' ಅಂತ ಹೇಳ್ತಿದ್ಲು." ಅವರು ಎದ್ದು ನನ್ನ ಹಿಂದೆ ಬಂದು, ಅಂಗೈ ಉಜ್ಜಿಕೊಂಡು, ಹೆಗಲು ಮುಟ್ಟಿದರು. ಕೈಯನ್ನು ಮೆಲ್ಲಗೆ ಎತ್ತಿದರು. "ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಹೇಳಿ."

"ಎಂಟು," ಎಂದೆ. ಎಂಟೇ ಇತ್ತು.

ಮೇಡಂ ಕೊಟ್ಟ ಆ ಫೈಲನ್ನು ವಾಪಸು ಬರುವಾಗ ರೈಲಿನಲ್ಲಿ ತೆರೆದೆ. ವಾರಕ್ಕೊಂದು ಹಾಳೆ. ಪ್ರತಿ ಹಾಳೆಯಲ್ಲೂ ನಾನು ಹೇಳಿದ ಅಂಕಿ ನೀಲಿ ಪೆನ್ನಿನಲ್ಲಿ, ನಾನು ನೋಡಿದ್ದ ಹಾಗೆಯೇ. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದ ಪೆನ್ಸಿಲ್ ಬರಹ. ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. ಹಾಸ್ಟೆಲಿಗೆ ಹೋದ ಮೇಲೆ, ವಾರದಲ್ಲಿ ಬಿಡುವಾದಾಗ ಬರೆಯುತ್ತಿದ್ದಳೆಂದು ಕಾಣುತ್ತದೆ.

ಪೆನ್ನಿನಲ್ಲಿ ಐದು. ಪೆನ್ಸಿಲಿನಲ್ಲಿ: "ಟೀ ಪಾತ್ರೆ ಎಡಗೈಯಲ್ಲಿ ಇಳಿಸಿದಳು. ಏಳು."

ಪೆನ್ನಿನಲ್ಲಿ ಮತ್ತೆ ಐದು. "ಸೆರಗು ಹೊದೆಯುವಾಗ ತುಟಿ ಕಚ್ಚಿದಳು. ಏಳು. ಹಗ್ಗ ಬೇಡ, ಗೋಡೆಯೇ ಇರಲಿ."

ಪೆನ್ನಿನಲ್ಲಿ ನಾಲ್ಕು. "ಕೊಕ್ಕರೆ ತೋರಿಸಲು ಎಡಗೈ ಎತ್ತಿದಳು. ಆರು? ಏನೋ ಹೇಳಲು ಬಂದು ಸುಮ್ಮನಾದಳು. ಕೇಳಬಾರದು, ಅವಳೇ ಹೇಳಲಿ."

ಅವಳು ನನಗೆ ವ್ಯಾಯಾಮ ಗೊತ್ತು ಮಾಡುತ್ತಿದ್ದದ್ದು ಈ ಪೆನ್ಸಿಲಿನ ಅಂಕಿಗಳನ್ನು ನೋಡಿ. ಅದಕ್ಕೇ ನಾನು ಎಷ್ಟು ಕೇಳಿದರೂ ಬಾಗಿಲಿಗೆ ಹಗ್ಗ ಕಟ್ಟಿರಲಿಲ್ಲ. ನಾನು ಹೊಲಿದ ಬಟ್ಟೆಯ ಒಳಗೆ ಕೈ ಹಾಕಿ, ಇಳಿದ ಹೆಗಲನ್ನು ಮುಟ್ಟಿ ನೋಡಿ, ಬಾಯಿ ಬಿಡದೆ ಪಕ್ಕದಲ್ಲಿ ಗುರುತು ಇಟ್ಟುಕೊಂಡಿದ್ದಳು. ನನ್ನ ಅಳತೆ ಪುಸ್ತಕದ ಚುಕ್ಕೆಗಳ ಹಾಗೆ.

ರೈಲು ಹನಕೆರೆ ದಾಟಿತು. ಕೊನೆಯ ಹಾಳೆಯನ್ನು ತೆಗೆಯುವ ಮುಂಚೆ ನಾನು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದೆ.

ಈಗ ಬೆಳಿಗ್ಗೆ ಗೋಡೆಯ ಮುಂದೆ ನಿಲ್ಲುತ್ತೇನೆ. ಬೆರಳು ನಡೆಸುತ್ತೇನೆ. ತಲುಪಿದ ಜಾಗಕ್ಕೆ ಅವ್ವ ಗೆರೆ ಎಳೆಯುತ್ತಾಳೆ, ಸೊಟ್ಟ ಗೆರೆ. "ಎಷ್ಟಮ್ಮಿ?" ಎಂದು ಕೇಳುತ್ತಾಳೆ, ನಾನು ಇದ್ದದ್ದನ್ನು ಹೇಳುತ್ತೇನೆ. ಕೆಲವು ದಿನ ಏಳು, ಕೆಲವು ದಿನ ಆರು. ಫೈಲು ಯಂತ್ರದ ಖಾನೆಯಲ್ಲಿ ಅಳತೆ ಪುಸ್ತಕದ ಜೊತೆ ಇದೆ. ಆ ಕೊನೆಯ ಭಾನುವಾರ ಅವಳು ಏನೇನು ಕಂಡಿರಬಹುದು ಎಂದು ಯೋಚಿಸುತ್ತಿರುತ್ತೇನೆ. ಊಟಕ್ಕೆ ತಟ್ಟೆ ಯಾವ ಕೈಯಲ್ಲಿ ತೆಗೆದುಕೊಂಡೆ, ನೆನಪಿಲ್ಲ. ಬಸ್ಸಿನ ಕಿಟಕಿಯಿಂದ ಅವಳು ನನ್ನ ಎಡಗೈ ನೋಡಿದಳೇ, ಗೊತ್ತಿಲ್ಲ.

ಆ ಹಾಳೆಯಲ್ಲಿ ಪೆನ್ನಿನ ಮೂರು ಇದೆ. ಪಕ್ಕದಲ್ಲಿ ಪೆನ್ಸಿಲಿನ ಅಂಕಿ ಇಲ್ಲ.